ಎರಡನೇ ಕೈ

ಗ್ರಿಮ್ಸ್‌ಬಿಯಲ್ಲಿ ಮೀನಿನ ವಾಸನೆಗೂ ಒಂದು ವೇಳೆಯುಂಟು:
ಸಂಜೆ ನಾಲ್ಕೂಕಾಲು, ಕಾರ್ಖಾನೆಯ ಪಾಳಿ ಬಿಟ್ಟಾಗ.
ಆ ವಾಸನೆಯ ಬೆನ್ನಿಗೇ ಬಂದಳು ಜೆನಿಸ್ ಎಲ್ಲರ್ಬಿ,
ಕೂದಲ ಬಲೆ ಇನ್ನೂ ತಲೆಯಲ್ಲೇ.
ಹನ್ನೆರಡು ಪೌಂಡು, ಎಲ್ಲ ನಾಣ್ಯ,
ಎಣಿಸಿ ಎಣಿಸಿ ನನ್ನ ಮುಂದೆ ಸಾಲಾಗಿ ಇಟ್ಟಳು.

ರೀಸನ ಹುಟ್ಟುಹಬ್ಬ ಶನಿವಾರ.
'ಹೊಸತಕ್ಕೆ ನಲವತ್ತು. ಇದೂ ಅದೇ ತಾನೇ?'
ಅದೇ, ಅಂದೆ.
ಡಿಸ್ಕನ್ನು ಬೆಳಕಿಗೆ ಹಿಡಿದು ತೋರಿಸಿದೆ:
ಅಂಚಿನಲ್ಲೊಂದು ಗೀರು, ಬೆಕ್ಕಿನ ಉಗುರಷ್ಟು.
ಮೊದಲ ಕೈಯ ಬೆರಳಚ್ಚನ್ನು
ಅಂಗಿಯ ತೋಳಿಗೆ ಒರೆಸಿ ತೆಗೆದೆ.

ಡಬ್ಬಿಯೊಳಗಿನ ಚೀಟಿಯ ಮಾತು ಎತ್ತಲಿಲ್ಲ.
(ಎತ್ತಬೇಕಿತ್ತು. ಸಾಲಿನಲ್ಲಿ ಇನ್ನೂ ಮೂವರಿದ್ದರು.
ಸಬೂಬಲ್ಲ; ಇದ್ದರು, ಅಷ್ಟೆ.)

ಅಂಗೈ ಅಗಲದ ಚೀಟಿ.
ಅಕ್ಷರ ಅಂಕಿ ಕಲಸಿದ ಹದಿನಾರು ಗುರುತು.
ಒಮ್ಮೆ ಒತ್ತಿದರೆ ಬಾಗಿಲು ತೆರೆಯುತ್ತದೆ,
ಒಬ್ಬನಿಗೆ.
ಎರಡನೆಯವನ ಕೈಯಲ್ಲಿ ಅದು
ಮುಗಿದ ಮದುವೆಯ ಕರೆಯೋಲೆ.

ಸೋಮವಾರ ಮತ್ತೆ ಬಂದಳು. ಜೊತೆಗೆ ರೀಸ್,
ಹನ್ನೊಂದು ತುಂಬಿ ಎರಡು ದಿನ,
ನನ್ನ ಮುಖ ಬಿಟ್ಟು ನೆಲದ ಚೌಕಗಳನ್ನು ನೋಡುತ್ತ.
'ಗೆಳೆಯರ ಜೊತೆ ಆಡಲು ಬಿಡುವುದಿಲ್ಲವಂತೆ.
ಇನ್ನೂ ಎಂಟು ಪೌಂಡು ಕೇಳುತ್ತದೆ.
ಯಾರು ಕೇಳುವುದು? ನೀನಾ?'

ನಾನಲ್ಲ. ಕಂಪನಿ.
'ಅವರಿಗೆ ದುಡ್ಡು ಬಂದಿಲ್ಲವಾ?'
ಒಮ್ಮೆ ಬಂದಿದೆ.
'ಆ ಮೊದಲಿನ ಹುಡುಗ ಈಗಲೂ ಆಡುತ್ತಾನಾ?'
ಇಲ್ಲ. ಮಾರಿದನಲ್ಲ.
'ಅವನು ಎದ್ದುಹೋದ ಕುರ್ಚಿಯಲ್ಲಿ
ನನ್ನ ಮಗ ಕೂತರೆ
ಕುರ್ಚಿ ಎರಡಾಗುತ್ತದಾ?

ಇವನ ತಳ್ಳುಗಾಡಿ ನಾಲ್ಕನೇ ಕೈಯದು.
ಅದರ ಗಾಲಿ ಯಾವತ್ತೂ
ತಿರುಗುವುದಕ್ಕೆ ಮೊದಲು ಕಾಸು ಕೇಳಲಿಲ್ಲ.'

ಸುಂಕದವನ ಮುಂದೆ ಸುಖದುಃಖ ಹೇಳಬಾರದಂತೆ.
ಇಲ್ಲಿ ಸುಂಕದವನೇ ಇಲ್ಲ;
ಅವನ ಕಟ್ಟೆಯ ಕಂಬ ನಾನು.

ಮತ್ತೆ, ನಿಜ ಹೇಳಲೇ?
ಆ ಡಿಸ್ಕನ್ನು ನಾನು ನಾಲ್ಕಕ್ಕೆ ಕೊಂಡಿದ್ದೆ,
ಹನ್ನೆರಡಕ್ಕೆ ಮಾರಿದ್ದೆ.
ಎಲ್ಲೋ ಕೂತು ರಾತ್ರಿಯಿಡೀ
ಆ ಮೈದಾನದ ಹುಲ್ಲು ಎಸಳೆಸಳಾಗಿ ಬಿಡಿಸಿದವನಿಗೆ
ನಡುವಿನ ಎಂಟರಲ್ಲಿ ಒಂದು ಪೆನ್ನಿಯೂ ಇಲ್ಲ.
ನನ್ನದೂ ಎಂಟು. ಅವರದೂ ಎಂಟು.
ನಡುವೆ ಜೆನಿಸ್,
ಬೆರಳ ಸಂದಿಯಲ್ಲಿ ಕಾಡ್ ಮೀನಿನ ಹೊಟ್ಟು.

ವಾಪಸು ಕೊಡಿ, ಎಂದೆ. ಹನ್ನೆರಡೂ ಕೊಡುತ್ತೇನೆ.
ಆಗ ರೀಸ್ ಮೊದಲ ಸಲ ಬಾಯಿ ಬಿಟ್ಟ:
'ಬೇಡ. ಮಷೀನ್ ಜೊತೆಗೇ ಆಡ್ತೀನಿ.'

ಮೂರು ಚಳಿಗಾಲ ಕಳೆಯಿತು.
ಕಂಪನಿ ಒಂದು ಬೆಳಿಗ್ಗೆ ಸರ್ವರ್ ಆರಿಸಿತು.
ಕಾಸು ಕೊಟ್ಟವರು, ಕೊಡದವರು
ಒಂದೇ ಬಾಗಿಲ ಹೊರಗೆ ನಿಂತರು.
ಒಳಗೆ ಯಾರೂ ಇರಲಿಲ್ಲ.

ನಿನ್ನೆ ಒಬ್ಬ ಎತ್ತರದ ಆಳು ಬಂದ,
ಕಡಲ ಗಾಳಿಯಂತ್ರಗಳ ಕಂಪನಿಯ ಕೋಟು,
ತೋಳಲ್ಲಿ ಹಳೆಯ ಆಟಗಳ ರಟ್ಟಿನ ಪೆಟ್ಟಿಗೆ.
ಗೀರು ಕಂಡು ಗುರುತು ಹಿಡಿದೆ,
ಮುಖ ಕಂಡು ಅಲ್ಲ.

ಡಬ್ಬಿಯೊಳಗೆ ಆ ಚೀಟಿ ಹಾಗೇ ಇತ್ತು.
ತಿರುಗಿಸಿದೆ. ಬೆನ್ನ ತುಂಬ ಪೆನ್ಸಿಲು,
ಇರುವೆ ಸಾಲಿನಂಥ ಎಳೆಯ ಅಕ್ಷರ:
ನಾನು ೨, ಮಷೀನ್ ೧.
ನಾನು ೦, ಮಷೀನ್ ೪.
ನಾನು ೩, ಮಷೀನ್ ೩, ಅಮ್ಮ ಊಟಕ್ಕೆ ಕರೆದಳು.

ಇದಕ್ಕೀಗ ಐವತ್ತು ಪೆನ್ಸ್, ಅಂದೆ.
'ಅದೂ ಜಾಸ್ತಿಯೇ,' ಎಂದು ನಕ್ಕ.
ಡಿಸ್ಕನ್ನು ನನ್ನ ಕಡೆ ಸರಿಸಿ
ಚೀಟಿಯನ್ನು ಮಡಿಸದೆ
ಕೋಟಿನ ಒಳಜೇಬಿಗೆ ಹಾಕಿಕೊಂಡ.