ಕಲಗಚ್ಚು

ಗುತ್ತಲು ಕಾಲೋನಿಯ ಈ ಬಾಡಿಗೆ ಮನೆಗೆ
ಸಾಮಾನು ಇಳಿಸಿದ ದಿನ
ಮಂಚ, ಫ್ರಿಜ್ಜು, ಟೀವಿ ಎಲ್ಲ ಆದ ಮೇಲೆ
ಟೆಂಪೋದಿಂದ ಕೊನೆಗೆ ಇಳಿದದ್ದು ಒಂದು ಬಾನಿ.
ಕಪ್ಪು ಮಣ್ಣಿನದು, ಕಂಠ ಮುಕ್ಕಾದದ್ದು.
'ಇದ್ಯಾಕತ್ತೆ?'
'ಕಲಗಚ್ಚಿಗೆ ಕಣವ್ವ.'
'ಹಸ ಎಲ್ಲೈತೆ ಇಲ್ಲಿ?'
'ಬತ್ತದೆ ಬುಡು,' ಅಂದರು ಕೆಂಪಾಜಮ್ಮ,
ನೆಂಟರು ಬಸ್ಸು ಹತ್ತಿಯಾಯಿತು ಎನ್ನುವ ಹಾಗೆ.

ಹಸ ಬರಲಿಲ್ಲ. ನೊಣ ಬಂದವು.
ಮಹಡಿಯ ಓನರು ಬಂದರು, ಮೂಗು ಮೊದಲು, ಆಮೇಲೆ ಅವರು.

ಅಕ್ಕಿ ತೊಳೆದ ನೀರಿಗೆ ನಮ್ಮಲ್ಲಿ ಕಾನೂನಿದೆ:
ಮೊದಲ ನೀರು ಬಾನಿಗೆ,
ಎರಡನೆಯದು ಸಾರಿಗೆ,
ಮೂರನೆಯದು... ಇಲ್ಲೇ ತಕರಾರು.
ನನಗೆ ದುಂಡುಮಲ್ಲಿಗೆಯ ಕುಂಡಕ್ಕೆ ಬೇಕು,
ಅವರಿಗೆ ಕರಿಬೇವಿಗೆ.
ನಡುವೆ ನನ್ನ ಗಂಡ, ಕೆಳಗಿನ ರಾಜ್ಯದವರ ಹಾಗೆ,
'ಬೈಕ್ ತೊಳೀಬೇಕಿತ್ತು, ಒಂಚೂರು' ಎಂದು ಮಗ್ಗು ಹಿಡಿದು ನಿಂತರೆ
ಇಬ್ಬರೂ ಒಟ್ಟಿಗೆ: 'ಒಂದ್ ತೊಟ್ಟೂ ಇಲ್ಲ.'
ಮಂಡ್ಯದ ಮನೆ ಸ್ವಾಮಿ ಇದು,
ನೀರಿನ ಮಾತು ಬಂತೆಂದರೆ
ಅಡುಗೆಮನೆಯೂ ಸಂಜಯ ಸರ್ಕಲ್ಲೇ.

ಫಿಲ್ಟರು ಗೋಡೆಗೆ ಹತ್ತಿದ ದಿನ
ಅತ್ತೆ ಅದರ ಮುಂದೆ ಮಣೆ ಹಾಕಿ ಕೂತರು.
ಕುಡಿಯಲು ಒಂದು ಚೊಂಬು ಬೀಳುವಷ್ಟರಲ್ಲಿ
ಸಣ್ಣ ಪೈಪಿನಿಂದ ಸಿಂಕಿಗೆ ಮೂರು ಚೊಂಬು.
'ಇದೇನವ್ವ, ಒಬ್ರಿಗೆ ಉಣ್ಣಕ್ಕಿಕ್ಕಿ
ಮೂವರನ್ನ ಆಚೆಗೆ ತಳ್ತದೆ!'
ಮಾರನೆಯ ದಿನ ಪೈಪಿನ ಬಾಯಿ ಬಕೆಟ್ಟಿನಲ್ಲಿತ್ತು.
ಅಂದಿನಿಂದ ಆ ನೀರಲ್ಲೇ ನೆಲ ಒರೆಸುತ್ತೇವೆ.
ಒಣಗಿದ ಮೇಲೆ ಟೈಲ್ಸಿನಲ್ಲಿ ಬಿಳಿ ಗೆರೆ ಉಳಿಯುತ್ತದೆ,
ಸುಳ್ಳು ಯಾಕೆ ಹೇಳಲಿ.

ಎಲ್ಲವೂ ಅವರದೇ ಸರಿ ಅಂತಲ್ಲ.
ಹಿತ್ತಲ ಹಂಡೆಯ ಒಲೆಗೆ ಹಾಲಿನ ಕವರು ಒಟ್ಟುವರು.
ಒಂದೇ ಕಡ್ಡಿಗೆ ಭಗ್ಗನೆ ಹತ್ತುತ್ತದೆ ಎಂದು ಹೆಮ್ಮೆ ಬೇರೆ.
ಆ ಕಪ್ಪು ಹೊಗೆ ಕಾಂಪೌಂಡು ಹಾರಿ
ಮುಬೀನಾ ಒಣಹಾಕಿದ ದುಪಟ್ಟಾಗಳಿಗೆ ಮೆತ್ತಿಕೊಳ್ಳುವುದು.
ಅದೊಂದಕ್ಕೆ ನಾನು ಎರಡು ದಿನ ಮಾತು ಬಿಟ್ಟೆ.
ಮೂರನೆಯ ದಿನ ಒಲೆಯ ಬಾಯಲ್ಲಿ
ಕರಟ, ಒಂದು ಹಿಡಿ ಕಬ್ಬಿನ ಸೋಗೆ.
ಕವರುಗಳು ತೊಳೆದು, ಕ್ಲಿಪ್ಪು ಹಾಕಿ, ತಂತಿಯ ಮೇಲೆ ಸಾಲಾಗಿ,
ಅಂಗನವಾಡಿ ಮಕ್ಕಳ ಚಡ್ಡಿಗಳ ಹಾಗೆ.
ಯಾರೂ ಏನೂ ಅನ್ನಲಿಲ್ಲ.
ಆ ಸಂಜೆ ಮೂರನೆಯ ನೀರು
ಕರಿಬೇವಿನ ಬುಡಕ್ಕೆ ಹೋಯಿತು. ಹಾಕಿದ್ದು ನಾನೇ.

ಕೊನೆಗೂ ಬಂದದ್ದು ಹಸವಲ್ಲ, ಎಮ್ಮೆಯೂ ಅಲ್ಲ,
ಎಮ್ಮೆಯ ಒಡತಿ ನಿಂಗಾಜಮ್ಮ.
ಊರೊಳಗಿಂದ ಏಳು ಗಂಟೆಗೆ, ಮಗನ ಸೈಕಲ್ಲಿಗೆ ಎರಡು ಡಬ್ಬ ಕಟ್ಟಿಸಿಕೊಂಡು.
ಶುಕ್ರವಾರಕ್ಕೊಮ್ಮೆ ಕುಂಡಗಳಿಗೆ ಒಂದು ಕುಕ್ಕೆ ಸಗಣಿ.
ಬಾನಿ ದಿನವೂ ಖಾಲಿ; ಓನರ ಮೂಗು ಮಹಡಿಯಲ್ಲೇ ಉಳಿಯಿತು.
ಕಸದ ಗಾಡಿಯ ಹುಡುಗ
'ಹಸಿದು ಬೇರೆ, ಒಣಗಿದ್ದು ಬೇರೆ ಕೊಡ್ರವ್ವಾ' ಎಂದು ಕೂಗಿದರೆ
ಅತ್ತೆ ಬಾಗಿಲಿಂದಲೇ:
'ಹಸಿದೆಲ್ಲ ಹಸಿದವರಿಗೆ ಹೋಯ್ತು ಕಣ್ಲಾ ಮಗ,
ಒಣಗಿದ್ದಿದೆ, ತಗೊ.'

ಈಗ ಮದ್ದೂರಿಗೆ ಹೋಗಿದ್ದಾರೆ, ನಾದಿನಿಯ ಬಾಣಂತನಕ್ಕೆ.
ರಾತ್ರಿ ಫೋನು.
ಮಗ ಉಂಡನಾ ಎಂದು ಕೇಳುವುದಿಲ್ಲ.
'ನಿಂಗಾಜಿ ಬಂದಿದ್ಲಾ?'
'ಬಂದಿದ್ರು.'
'ಕರಿಬೇವು?'
'ಕುಡೀತು.'
ಆ ಕಡೆ ಕೂಸು ಅತ್ತಿತು, ಸುಮ್ಮನಾಯಿತು.
'ನೋಡವ್ವ, ಬಾನಿ ಐತಲ್ಲ ಅಂತ
ಅಕ್ಕಿ ಅಳತೆ ಮೀರಿ ಹಾಕ್ಬೇಡ.
ಕಲಗಚ್ಚು ಅನ್ನದು ಉಳಿದದ್ದು.
ಉಳಿಸಿದ್ದಲ್ಲ.'

ಹೂಂ ಎಂದೆ. ಫೋನು ಇಟ್ಟೆ.
ಬಾನಿಯ ತಳದಲ್ಲಿ ಮಧ್ಯಾಹ್ನದ ಅನ್ನ,
ಒಬ್ಬರು ಹೊಟ್ಟೆ ತುಂಬ ಉಣ್ಣುವಷ್ಟು,
ಮಲ್ಲಿಗೆಯ ಹಾಗೆ ಬೆಳ್ಳಗೆ ಅರಳಿ ಕೂತಿತ್ತು.