ಮುಕ್ಕಾಲಿ

ಎಂಎಸ್ಸಿ ಮುಗಿಸಿ ಹನ್ನೊಂದು ವರ್ಷ
ಬಲ, ಘರ್ಷಣೆ, ಗುರುತ್ವ ಎಂದು ಬೋರ್ಡು ತುಂಬಿಸಿದವಳು
ಮೂವತ್ತಾರನೇ ವಯಸ್ಸಿಗೆ
ಗರಗಸ ಹಿಡಿಯಲು ಕಲಿಯುತ್ತಿದ್ದೇನೆ.

ಪುಣೆಯ ಈ ಸ್ನಾತಕೋತ್ತರ ಡಿಪ್ಲೊಮಾಕ್ಕೆ ನಾವು ಹದಿನಾಲ್ಕು ಜನ,
ಎಲ್ಲರೂ ಹೈಸ್ಕೂಲಿನವರು.
ಮುಚ್ಚಿದ ಕಾರ್ಖಾನೆಯೊಂದು ದಾನ ಕೊಟ್ಟ ಲೇತ್ ಎರಡು,
ಒಂದು ತಿರುಗುತ್ತದೆ.
ಮೊದಲ ದಿನ ಕರ್ಡೆ ಸರ್ ಕೈಗೆ ಕೊಟ್ಟದ್ದು
ಒಂದು ಸಾಗುವಾನಿ ತುಂಡು, ಒಂದು ಮೂಲೆಮಟ್ಟ:
"ಆರು ಮುಖವೂ ನೇರ ಆಗಲಿ. ಆಮೇಲೆ ಮಾತು."

ಹದಿನೇಳು ದಿನ ಮಾತಿರಲಿಲ್ಲ.
ಒಂದು ಮುಖ ನೇರವಾದರೆ ಪಕ್ಕದ್ದು ವಾರೆ,
ಅದನ್ನು ತಿದ್ದಿದರೆ ಇದಕ್ಕೆ ಮುನಿಸು.
ಇಟ್ಟಿಗೆಯಷ್ಟಿದ್ದ ಮರ ಸೋಪಿನಷ್ಟಾಯಿತು.
ಫೋನಿನಲ್ಲಿ ಅತ್ತೆ ಕೇಳುತ್ತಾರೆ,
"ಹೋಗಿದ್ದು ಓದೋಕೋ, ಬಡಗಿತನಕ್ಕೋ?"
ಎರಡರ ನಡುವೆ ಎಲ್ಲೋ ಇದ್ದೇನೆ ಅತ್ತೆ,
ಇನ್ನೂ ಕಚ್ಚಿಗೆ ಕೂತಿಲ್ಲ.

ಕರ್ಡೆ ಸರ್ ತಾಂಬಟ್ ಆಳಿಯವರು.
ಹುಡುಗನಾಗಿದ್ದಾಗಿಂದ ತಾಮ್ರದ ಹಂಡೆ ಬಡಿದು ಬಡಿದು
ಎಡಗಿವಿ ಮುಚ್ಚಿಹೋಗಿದೆ.
ಬಲಗಿವಿ ಸಾಕು ಅವರಿಗೆ:
ಕೀಸುಳಿಯ ಸದ್ದು ಕೇಳಿ ಬೆನ್ನು ತಿರುಗಿಸಿಕೊಂಡೇ ಹೇಳುತ್ತಾರೆ,
"ಅಲಗು ಮೊಂಡಾಗಿದೆ."

ಪಾಠ ವೀಕ್ಷಣೆಯ ದಿನ.
ಭೋಸರಿಯ ಪಾಲಿಕೆ ಶಾಲೆ, ಒಂಬತ್ತನೇ ತರಗತಿ,
ಹೊರಗೆ ಪ್ರೆಸ್ ಮಷೀನುಗಳ ಧಡ್ ಧಡ್.
ನನ್ನ ಪಾಠಯೋಜನೆ ನಾಲ್ಕು ಬಣ್ಣದ ಶಾಯಿಯಲ್ಲಿ:
ಸಮಸ್ಯೆ ಗುರುತಿಸಿ, ಚಿತ್ರಿಸಿ, ತಯಾರಿಸಿ, ಪರೀಕ್ಷಿಸಿ.
ಸಮಸ್ಯೆಯನ್ನು ಮಾತ್ರ ಮೊದಲೇ ನಾನೇ ಗುರುತಿಸಿಟ್ಟಿದ್ದೆ,
ಮೊಬೈಲ್ ಸ್ಟ್ಯಾಂಡ್.
ನನ್ನ ಕುಂಟು ಮರಾಠಿ ಮುಗಿಯುವುದನ್ನೇ ಕಾಯುತ್ತಿದ್ದ
ಹಿಂದಿನ ಬೆಂಚಿನ ಸಾಬಮ್ಮ ಎದ್ದು
ಉಳಿದ ಯಾರಿಗೂ ತಿಳಿಯದ ಯಾದಗಿರಿ ಕನ್ನಡದಲ್ಲಿ:
"ಫೋನು ಅಪ್ಪನ ಕಿಸೇದಾಗ ಇರ್ತದ್ರಿ ಟೀಚರ್.
ಅದಕ್ಕ ಕುರ್ಚಿ ಯಾಕ?"

ನಕ್ಕೆ. ನಗು ಅರ್ಧಕ್ಕೇ ನಿಂತಿತು.
"ಮತ್ತೇನು ಬೇಕು?"
"ಕೊಡ ಇಡಾಕ ಏನರ ಬೇಕ್ರಿ.
ಬಿಲ್ಡಿಂಗಿನ ಬಾಜೂ ನಮ್ಮ ಶೆಡ್ಡು, ನೆಲ ಎಲ್ಲಾ ತಗ್ಗು ದಿಣ್ಣಿ.
ನಾಕು ಕಾಲಿಂದು ಇಟ್ರ ಕುಣೀತದ.
ಮೂರು ಮಾಡ್ರಿ. ಒಲೀ ಕಲ್ಲು ಮೂರೇ ಅಲ್ಲೇನ್ರಿ?
ಅವು ಎಂದರ ಅಳ್ಳಾಡ್ಯಾವ?"

ಮೂರು ಬಿಂದುಗಳಿಗೆ ಒಂದೇ ಒಂದು ಸಮತಲ.
ಎಷ್ಟು ಸಲ ಸಾಧಿಸಿ ತೋರಿಸಿದ್ದೇನೆ, ಸೀಮೆಸುಣ್ಣದಲ್ಲಿ!
ಎಷ್ಟು ಸಲ ಕುಕ್ಕರುಗಾಲಲ್ಲಿ ಕೂತು
ಅಜ್ಜಿಯ ಒಲೆಗೆ ಊದಿದ್ದೇನೆ, ಕಣ್ಣುರಿಸಿಕೊಂಡು.
ಆ ಎರಡು ಇಷ್ಟು ವರ್ಷ
ನನ್ನೊಳಗೇ ಇದ್ದವು, ಪರಿಚಯವಿಲ್ಲದ ಬಾಡಿಗೆದಾರರ ಹಾಗೆ.

ಪಾಠಯೋಜನೆಯನ್ನು ಎಂಟು ಮಡಿಕೆ ಮಡಚಿ
ಅಳ್ಳಾಡುತ್ತಿದ್ದ ಬೆಂಚಿನ ಕಾಲಿಗೆ ಕೊಟ್ಟೆ.
ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ ಬಿಚ್ಚಿದೆವು.
ಸಾಬಮ್ಮನ ಅಳತೆ ಗೇಣಿನಲ್ಲಿ,
ಅಶ್ಫಾಕನದು ಸ್ಕೇಲಿನಲ್ಲಿ,
ಜಗಳಕ್ಕೆ ಹತ್ತು ನಿಮಿಷ.
ಒಂದು ಕಾಲು ಸೀಳಿತು, ಬೇರೆ ಮಾಡಿದೆವು.
ಇನ್ನೊಂದು ಜೋಲಿತು, ಬೆಣೆ ಹೊಡೆದು ನಿಲ್ಲಿಸಿದೆವು.
ಗಂಟೆ ಬಾರಿಸಿತು. ಕರ್ಡೆ ಸರ್ ಏಳಲಿಲ್ಲ.
ಬಾಗಿಲ ಕಡೆಗಿದ್ದದ್ದು
ಅವರ ಬಲಗಿವಿ.

ಕೊನೆಗೆ ಬಂದು ಆ ಕುರೂಪಿ ಮುಕ್ಕಾಲಿಯ ಮೇಲೆ ಕೂತರು,
ಒಂದೊಂದೇ ಕಾಲಿಗೆ ತೂಕ ಹಂಚುತ್ತ.
ಕಿರ್ ಎಂದಿತು. ನಿಂತಿತು.
ವೀಕ್ಷಣೆಯ ಪುಸ್ತಕದಲ್ಲಿ ಬರೆದದ್ದು ಇಷ್ಟೇ:
ಸಮಯ ಮೀರಿದೆ.
ಉಳಿಯ ದಾರಿಯಲ್ಲಿ ಎಡಗೈ ಇತ್ತು, ಇನ್ನೊಮ್ಮೆ ಕೂಡದು.
ಅಂಕದ ಚೌಕ ಖಾಲಿ.
ಮುಕ್ಕಾಲಿ ಸಾಬಮ್ಮನ ತಲೆಯೇರಿ
ಕಾಲು ಮೇಲಾಗಿ ಗೇಟು ದಾಟಿತು.

ಸಂಜೆ ಬಸ್ಸಿನಲ್ಲಿ ನನ್ನ ಸೀಟಿನ ಬೋಲ್ಟು ಸಡಿಲ.
ಬೆರಳಲ್ಲೇ ತಿರುಗಿಸಿ ಬಿಗಿ ಮಾಡಿದೆ.
ನಾಶಿಕ್ ಫಾಟಾದ ಉಬ್ಬಿಗೆ ಮತ್ತೆ ಕಳಚಿಕೊಂಡಿತು.
ಮತ್ತೆ ತಿರುಗಿಸಿದೆ.
ಪಕ್ಕದ ಹೆಂಗಸು ಒಮ್ಮೆ ನನ್ನನ್ನು,
ಒಮ್ಮೆ ಪಟ್ಟಿ ಸುತ್ತಿದ ನನ್ನ ಹೆಬ್ಬೆರಳನ್ನು ನೋಡಿ
ಕಾಲು ಸರಿಸಿ ಜಾಗ ಬಿಟ್ಟಳು.
ನಾಳೆಯಿಂದ ಚೀಲದಲ್ಲಿ
ಒಂದು ಪಾನಾ ಇಟ್ಟುಕೊಳ್ಳಬೇಕು.