ತಿದ್ದಿದ ದೀಪ

ಬುಧವಾರ ಬಂತೆಂದರೆ
ಶಾರ್ಲರುವಾದ ಟ್ರಾಮ್ ನಿಲ್ದಾಣದ ಗೂಡಂಗಡಿಯಲ್ಲಿ
ಮದಾಮ್ ಓಡಿಲ್ ಕಟ್ಟಿನ ದಾರ ಕತ್ತರಿಸುವ ಸದ್ದಿಗೇ
ಎದೆ ಡವಡವ.
ಐದು ಫ್ರಾಂಕಿಗೆ ಹದಿನಾರು ಪುಟ.
ಅದರಲ್ಲಿ ನನ್ನದು ಒಂದೇ ಒಂದು,
ನಕ್ಷೆಗಾರ ಅರ್ನೂಲನದು.
ಉಳಿದದ್ದು ತಮ್ಮನಿಗೆ,
ಆಮೇಲೆ ಮೀನು ಸುತ್ತಲು ಅಮ್ಮನಿಗೆ.

ಮೋಟು ಕೋಟು, ಕಿವಿಯ ಹಿಂದೆ ಪೆನ್ಸಿಲು,
ಬೆನ್ನ ಹಿಂದೆ ಕುಂಟುವ ಒಂದು ಬಾತು.
ಯುದ್ಧಕಾಲದಲ್ಲಿ ಹುಟ್ಟಿದವನಂತೆ ಅವನು,
ಕಾಗದಕ್ಕೂ ಬರ ಬಂದಿದ್ದಾಗ,
ಆಲೂಗಡ್ಡೆ ರೇಷನ್ನಿನ ಪಟ್ಟಿಯ ಕೆಳಗೆ
ಮೂರೇ ಚೌಕದ ಜಾಗದಲ್ಲಿ.
ಅಷ್ಟರಲ್ಲೇ ಒಂದು ಸಮುದ್ರ ದಾಟಿದ್ದನಂತೆ.

ನನ್ನ ಕಾಲಕ್ಕೆ ಇಡೀ ಪುಟ ಅವನದು, ಬಣ್ಣವೂ ಇತ್ತು.
ಯಾರೂ ಕಾಣದ ದ್ವೀಪ ಅಳೆಯುತ್ತಾನೆ,
ನೆಲ ಬಿರಿಯುತ್ತದೆ,
ಬಲಗಡೆ ಕೊನೆಯ ಚೌಕದಲ್ಲಿ ಕಾಲು ಜಾರುತ್ತದೆ.
ಮುಂದಿನ ವಾರಕ್ಕೆ.
ಏಳು ದಿನ ಅವನು ಗಾಳಿಯಲ್ಲೇ.
ಏಳು ದಿನ ನಾನೂ.

ಅಪ್ಪ ಒತ್ತೋರಿನೋ, ಫ್ರಿಯೂಲಿಯ ಬೆಟ್ಟದವನು,
ಕಲ್ಲಿದ್ದಲ ಕರಾರಿಗೆ ಹೆಬ್ಬೆಟ್ಟೊತ್ತಿ ರೈಲು ಹತ್ತಿದವನು.
ಅವನಿಗೆ ಬರುತ್ತಿದ್ದ ಫ್ರೆಂಚು
ಬ್ರೆಡ್ಡಿಗಷ್ಟು, ಬೈಗುಳಕ್ಕಷ್ಟು.
ಮಾತಿನ ಗುಳ್ಳೆಗಳನ್ನು ಬದಿಗೆ ಸರಿಸಿ
ಗೆರೆಗಳನ್ನೇ ಓದುತ್ತಿದ್ದ,
ಸುರಂಗದಿಂದ ಸುರಂಗಕ್ಕೆ ತಡವುತ್ತ ಹೋಗುವ ಹಾಗೆ
ಚೌಕದಿಂದ ಚೌಕಕ್ಕೆ ಬೆರಳು.
ಎಷ್ಟು ತೊಳೆದರೂ ಕಣ್ಣಂಚಿನಲ್ಲಿ ಉಳಿಯುವ ಮಸಿ,
ಅವನನ್ನೂ ಯಾರೋ ಶಾಯಿಯಲ್ಲಿ ಬರೆದ ಹಾಗೆ.

ಒಂದು ವಾರ ಅರ್ನೂಲ್ ಗಣಿಗಿಳಿದ.
ಕೈಯಲ್ಲಿ ದೀಪ. ಗಾಜಿಲ್ಲ, ತಂತಿಬಲೆ ಇಲ್ಲ,
ಬರಿ ಜ್ವಾಲೆ.
ಅಪ್ಪ ಸೂಪಿನ ಚಮಚ ಕೆಳಗಿಟ್ಟ:
"ಸತ್ತ ಇವನು. ಬಾತೂ ಸತ್ತಿತು.
ಮುಂದಿನ ವಾರ ಅನ್ನುವುದೇ ಇಲ್ಲ ಇವನಿಗೆ."
ನಾನು ಅತ್ತುಬಿಟ್ಟೆ.
ಅವನು ನಗಲಿಲ್ಲ. ಪೆನ್ಸಿಲು ತಾ ಎಂದ.

ಸಂಬಳದ ಚೀಟಿಯ ಬೆನ್ನಿಗೆ ದೀಪ ಬರೆದ:
ಗಾಜು, ಬಲೆ, ಕೊಂಡಿ,
ಎಡಗಡೆ ಒಂದು ತಗ್ಗು.
ಅದು ಯಾಕೆ ಎಂದೆ.
ನನ್ನದರಲ್ಲಿದೆ, ಎಂದ. ಅಷ್ಟೇ.
ಕೆಳಗೆ ನನ್ನ ದುಂಡಕ್ಷರ:
"ಸ್ವಾಮಿ, ದೀಪ ತಪ್ಪಾಗಿದೆ.
ಅರ್ನೂಲನನ್ನು ಉಳಿಸಿ, ಬಾತನ್ನೂ.
ಇಂತಿ ನಿವೆಸ್, ವಯಸ್ಸು ಒಂಬತ್ತು."

ಬ್ರಸೆಲ್ಸಿನಿಂದ ಉತ್ತರ ಬರಲಿಲ್ಲ.
ಮುಂದಿನ ಬುಧವಾರ ಅರ್ನೂಲ್
ಅದೇ ತಪ್ಪು ದೀಪ ಹಿಡಿದು ಸಲೀಸಾಗಿ ಮೇಲೆ ಬಂದ.
"ಪುಣ್ಯವಂತ," ಎಂದ ಅಪ್ಪ,
ಪುಟ ತಿರುಗಿಸಿ ಮುಂದೇನೆಂದು ಹುಡುಕಿದ.

ಆಮೇಲೆ ಗಣಿ ಮುಚ್ಚಿತು. ವಾರಪತ್ರಿಕೆ ಮುಚ್ಚಿತು.
ಅಪ್ಪನ ಎದೆಯ ಧೂಳು ಮಾತ್ರ ಕೆಲಸ ಬಿಡಲಿಲ್ಲ.

ಮೊನ್ನೆ ಭಾನುವಾರ, ಬ್ರಸೆಲ್ಸಿನ ಹಳೇಸಾಮಾನಿನ ಸಂತೆ,
ಹಿತ್ತಾಳೆ ಗುಂಡಿ, ಒಂಟಿ ಶೂಗಳ ನಡುವೆ
ಗಟ್ಟಿರಟ್ಟಿನ ಅರ್ನೂಲ್.
ಅದನ್ನು ತೆರೆದು ನೆಲಕ್ಕೆ ಕೂತಿದ್ದ ಒಬ್ಬ ಹುಡುಗ,
ಮೊಣಕಾಲಲ್ಲಿ ಗಾಯ, ಬಾಯಲ್ಲಿ ವಾಫಲ್ಲು.
ಅವನ ಹೆಗಲ ಮೇಲಿಂದ ಬಗ್ಗಿದೆ.
ಗಣಿಯ ಪುಟ.

ಪುಸ್ತಕವಾಗುವಾಗ ಮತ್ತೆ ಬರೆದಿದ್ದಾನೆ ಪುಣ್ಯಾತ್ಮ.
ಗಾಜು. ಬಲೆ. ಕೊಂಡಿ.
ಕನ್ನಡಕ ಒರೆಸಿಕೊಂಡು ನೋಡಿದೆ:
ಎಡಗಡೆ, ಒಂದು ಕೂದಲೆಳೆಯಷ್ಟು ಗೆರೆ,
ತಗ್ಗು.

ಹದಿನೈದು ಯೂರೋ, ಎಂದ ಅಂಗಡಿಯವನು.
"ಇರಿ, ಇನ್ನೂ ಮುಗಿದಿಲ್ಲ," ಎಂದ ಹುಡುಗ.
ಕಾದೆ. ಕಾಯುವುದು ನನಗೇನು ಹೊಸದೇ?
ಕೊನೆಯ ಚೌಕಕ್ಕೆ ಬಂದು ತಲೆ ಎತ್ತಿದ:
"ಇವನು ಸಾಯುತ್ತಾನಾ?"

ಇಲ್ಲ ಮಗು,
ದೀಪ ಸರಿಯಿದೆ ನೋಡು.